ಸೊಸೆಯನ್ನೇ ಕೇಳಿದ ಡಾಕ್ಟರು

ರೋಗಿಯ ಬದಲು ಬೇರೆ ಯಾರಾದರೂ ಬಾಯಿ ಹಾಕಿದರೆ ಸುಶೀಲಾ ಡಾಕ್ಟರು ಅವರ ಬಾಯಿಗೇ ಥರ್ಮಾಮೀಟರ್ ಇಡುತ್ತಿದ್ದರು, ಜ್ವರ ಇರಲಿ ಬಿಡಲಿ. "ತುಟಿ ಬಿಚ್ಚಬ್ಯಾಡ್ರಿ, ಗಾಜ ಒಡದೀತು" ಎಂದು ಹೆದರಿಸಿ, ರೋಗಿಯ ಕಡೆ ತಿರುಗಿ "ಈಗ ನೀ ಹೇಳವಾ" ಎನ್ನುವರು. ಮೂಡಲಗಿಯ ಅವರ ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸು. ಎಷ್ಟು ಅತ್ತೆಯರು, ಎಷ್ಟು ಗಂಡಂದಿರು ಹಾಗೆ ತೆಪ್ಪಗೆ ಕೂತರೋ! ನಗು ತಡೆಯಲಾಗದೆ ನಾನು ಹತ್ತಿ ಸುತ್ತುತ್ತ ಗೋಡೆಗೆ ಮುಖ ಮಾಡುತ್ತಿದ್ದೆ.

ಅಂಕಲಗಿಯ ಕಸ್ತೂರಿಯನ್ನು ಅವಳ ಅತ್ತೆ, ಗುರುತಿನವರು ಸಿಗದ ಊರೆಂದು, ನಮ್ಮಲ್ಲಿಗೆ ಕರೆತಂದಿದ್ದರು. "ಈ ಬಸಿರು ಆಕೀಗಿ ಬ್ಯಾಡಂತ್ರಿ, ತಗದಬಿಡ್ರಿ" ಎಂದದ್ದೂ ಅತ್ತೆಯೇ. ಥರ್ಮಾಮೀಟರ್ ಅತ್ತೆಯ ಬಾಯಿಗೆ ಹೋಯಿತು. ಕಸ್ತೂರಿ ಸೆರಗು ಹಿಂಡುತ್ತ ಹೇಳಿದಳು: "ಎಲ್ಲೋ ಕದ್ದು ಸ್ಕ್ಯಾನ್ ಮಾಡಿಸ್ಯಾರ್ರಿ. ಹೆಣ್ಣಂತ. ನನಗ ಬೇಕ್ರಿ."

ಡಾಕ್ಟರ ದನಿ ಏರಲಿಲ್ಲ. "ಕೇಳಿದ್ರಲ್ಲ? ಆಕೀಗಿ ಬೇಕಂತ. ಈ ಕೂಸಿಗೆ ಏನರ ಆತಂದ್ರ ಪೊಲೀಸರ ಮುಂದ ನಾನ ಬಂದ ನಿಂದರ್ತೇನಿ."

ಹೆಣ್ಣು ಕೂಸು ನಮ್ಮಲ್ಲೇ ಹುಟ್ಟಿತು.

ಅದಿನ್ನೂ ಎದೆಹಾಲು ಕುಡಿಯುತ್ತಿದ್ದಾಗ ಕಸ್ತೂರಿ ಒಬ್ಬಳೇ ಬಂದಳು. ಹಾಕಿಸಿಕೊಂಡಿದ್ದ ಕಾಪರ್-ಟಿ ಕೈಕೊಟ್ಟು ಮತ್ತೆ ಬಸಿರಾಗಿದ್ದಳು. "ಈ ಸಲ ಆಗೂದಿಲ್ರಿ ಡಾಕ್ಟರ ಬಾಯಾರ, ಮೈಯಾಗ ಕಸುವಿಲ್ಲ." ಡಾಕ್ಟರು ಪರೀಕ್ಷಿಸಿದರು, ಅಪಾಯವನ್ನೆಲ್ಲ ಬಿಡಿಸಿ ಹೇಳಿದರು, ಮತ್ತೊಮ್ಮೆ ಕೇಳಿದರು, ಒಪ್ಪಿದರು. ಅಷ್ಟರಲ್ಲಿ ಸುದ್ದಿ ತಿಳಿದ ಗಂಡ ಬಾಗಿಲು ದೂಡಿಕೊಂಡು ಬಂದ.

"ನನ್ನ ಸಹಿ ಇಲ್ಲದ ಹೆಂಗ ತಗೀತೀರಿ? ಹ್ವಾದ ಸಲ ತಗಿಯೂದಿಲ್ಲ ಅಂದವ್ರು ನೀವ ಅಲ್ಲೇನ್ರಿ?"

"ಕಾಯ್ದೆ ನಿಮ್ಮ ಸಹಿ ಕೇಳಂಗಿಲ್ರಿ. ಆಗ ಬೇಕಂದಾಕೀನೂ ಈಕೀನ, ಈಗ ಬ್ಯಾಡನ್ನಾಕೀನೂ ಈಕೀನ. ನಾ ಎಲ್ಲಿ ಬದಲಾಗೇನ್ರಿ?"

ಆಸ್ಪತ್ರೆಯ ಹೆಸರು ಕೆಡಿಸುತ್ತೇನೆಂದು ಅವನು ಕೂಗಾಡಿದ. "ಕೆಡಸ್ರಿ" ಎಂದು ಡಾಕ್ಟರು ಕೈ ತೊಳೆಯಲು ಎದ್ದರು. ಅವನು ಹೇಳಿದಂತೆ ಮಾಡಿದ; ಕೆಲವು ತಿಂಗಳು ನಮ್ಮ ಬೆಂಚುಗಳು ಖಾಲಿ. ನಡೆದದ್ದನ್ನು ನಾಲ್ಕು ಜನಕ್ಕೆ ಹೇಳಿಬಿಡೋಣವೆಂದು ನಾನು ಕುದಿದರೆ, "ಅದು ಆಕಿ ಗುಟ್ಟವಾ, ನಮ್ಮದಲ್ಲ" ಎಂದು ಬಾಯಿ ಮುಚ್ಚಿಸಿದರು. ಅಂಥವರ ಕೈಕೆಳಗೆ ದುಡಿದೆನೆಂದು ನನಗೆ ಇವತ್ತಿಗೂ ಎದೆ ಉಬ್ಬುತ್ತದೆ.

ಹೋದ ವರ್ಷ ಹುಕ್ಕೇರಿಯ ತವರುಮನೆಯಲ್ಲಿ ಡಾಕ್ಟರು ತೀರಿಕೊಂಡರು. ಮಣ್ಣಿಗೆ ಹೋದಾಗ ನೋಡಿದರೆ, ಬಂಧುಬಳಗದ ನಡುವೆ ಕಸ್ತೂರಿ ಕೂತು ಅಳುತ್ತಿದ್ದಳು. ಅಜ್ಜಿಯೊಬ್ಬರು "ನೀ ಯಾರ ಪೈಕಿ ಯವ್ವಾ?" ಎಂದು ಕೇಳಿದರು. ನಾನು ಏನಾದರೂ ಹೇಳಿ ಮಾತು ತಪ್ಪಿಸಬೇಕು ಎನ್ನುವಷ್ಟರಲ್ಲಿ, ತುಂಬಿದ ಅಂಗಳದಲ್ಲಿ ಕಸ್ತೂರಿ ತಾನೇ ಹೇಳಿದಳು:

"ನಾ ಒಂದು ಕೂಸು ಹಡದದ್ದೂ ಇವ್ರ ಕೈಯಾಗ್ರಿ, ಒಂದು ತಗಿಸಿದ್ದೂ ಇವ್ರ ಕೈಯಾಗ್ರಿ. ಎರಡೂ ಸಲ ನನ್ನನ್ನ ಕೇಳಿದವ್ರು ಇವ್ರೊಬ್ರ."