ಯಾವ ಜನಾಂಗದ ಉಸಿರು

ಅರಸೀಕೆರೆಯಲ್ಲಿ ರೈಲಿಳಿದ ದಿನ ಆಟೋದವರು ನನ್ನೊಡನೆ ಹರಕುಮುರುಕು ಇಂಗ್ಲಿಷಿನಲ್ಲಿ ಜಗಳಕ್ಕೆ ನಿಂತರು. "ಕನ್ನಡದಲ್ಲೇ ಬೈಯಿರಣ್ಣ" ಎಂದೆ. ಯಲ್ಲಾಪುರದ ಸಿದ್ದಿ ಹೆಂಗಸಿಗೆ ಕನ್ನಡ ನಾಡಿನಲ್ಲೇ ಪರದೇಶಿಯಾಗುವ ಭಾಗ್ಯ! ನಮ್ಮ ಹಿರಿಯರು ಯಾವ ಕಾಲದಲ್ಲೋ ಆಫ್ರಿಕಾದಿಂದ ಬಂದವರಂತೆ. ನಮ್ಮಜ್ಜಿಗೂ ಆ ನೆನಪಿಲ್ಲ. ಊರಲ್ಲಿ ನಮ್ಮನ್ನು ಕೀಳಾಗಿ ಕಂಡವರಿಗೂ ನಾವು ಯಾರೆಂದು ಗೊತ್ತಿತ್ತು. ಇಲ್ಲಿ ಅದೂ ಇಲ್ಲ.

ಬಾಡಿಗೆಗೆ ಕೋಣೆ ಕೇಳಲು ಹೋದೆ. ಮನೆಯೊಡತಿ ಗೌರಮ್ಮ ಕೊಬ್ಬರಿ ವ್ಯಾಪಾರಿಯ ಹೆಂಡತಿ.

"ಯಾವ ದೇಶದವಳವ್ವ ನೀನು?"

"ಯಲ್ಲಾಪುರ."

"ಹಂಗಾದ್ರೆ ಯಾವ ಜನಾಂಗ?"

ಇಲ್ಲಿ ಜನಾಂಗವೆಂದರೆ ಜಾತಿ. ಬಾಯಿಬಿಟ್ಟು ಜಾತಿ ಕೇಳುವುದು ಒರಟಾದೀತೆಂದು ಹೀಗೆ ಕೇಳುತ್ತಾರೆ. ಹೇಳಿದೆ. ಹಿತ್ತಲ ಕಡೆಯ ಕೋಣೆ ಸಿಕ್ಕಿತು. ಆದರೆ ಗಂಜಿಯಲ್ಲಿ ಬೆಳೆದ ಗಂಟಲಿಗೆ ರಾಗಿಮುದ್ದೆ ಇಳಿಸಲು ಕಲಿಸಿದವರೂ ಅವರೇ. "ಅಗೀಬಾರ್ದು ಕಣಮ್ಮಿ, ನುಂಗ್ಬೇಕು."

ತೆಂಗಿನ ನಾರಿನ ಕಾರ್ಖಾನೆಗಳ ಕೆಲಸಗಾರರ ಉಸಿರು ಅಳೆಯುವ ಒಂದು ಅಧ್ಯಯನದಲ್ಲಿ ನನ್ನ ಕೆಲಸ. ಯಂತ್ರದ ಕೊಳವೆಯೊಳಗೆ ಜೋರಾಗಿ ಊದಿಸಬೇಕು. ಅದಕ್ಕೂ ಮೊದಲು ಯಂತ್ರ ಜನಾಂಗ ಕೇಳುತ್ತದೆ. ನಾನು ಹಾಗೇ ಕೇಳಿದರೆ ಒಬ್ಬರು "ಲಿಂಗಾಯ್ತ್ರು" ಎನ್ನುತ್ತಾರೆ, ಹಗರೆಯಿಂದ ಕೆಲಸಕ್ಕೆ ಬರುವ ರತ್ನಮ್ಮ "ನಾವು ಬೌದ್ಧರು ಕಣಕ್ಕ" ಎನ್ನುತ್ತಾಳೆ. ಯಂತ್ರಕ್ಕೆ ಇವರಾರೂ ಗೊತ್ತಿಲ್ಲ. ಬಿಳಿಯರು, ಆಫ್ರಿಕನ್ನರು, ಇನ್ನೊಂದೆರಡು ಹೆಸರು, ಕೊನೆಗೆ 'ಇತರೆ'. ಇಲ್ಲಿಯವರೆಲ್ಲ ಇತರೆ. ಊರಲ್ಲಿ ಒಂದೇ ಪಂಕ್ತಿಯಲ್ಲಿ ಕೂರದವರು ಯಂತ್ರದೊಳಗೆ ಒಂದೇ ಮನೆಯವರು. ಯಾವುದನ್ನು ಒತ್ತುತ್ತೇವೋ ಅದರಂತೆ, ಉಸಿರು ಎಷ್ಟಿದ್ದರೆ ಸರಿ ಎಂಬ ಅಳತೆ ಬದಲಾಗುತ್ತದೆ.

ನಾರಿನ ಧೂಳು ನನ್ನನ್ನೂ ಬಿಡಲಿಲ್ಲ. ಗೌರಮ್ಮನವರ ಜೊತೆ ಮಾಲೇಕಲ್ಲು ಬೆಟ್ಟ ಹತ್ತುವಾಗ ಅರ್ಧದಲ್ಲೇ ಕೆಮ್ಮುತ್ತಾ ಕುಳಿತುಬಿಟ್ಟೆ. ಭಯವಾಯಿತು.

"ಊರೋರ್ಗೆಲ್ಲ ಊದುಸ್ತೀಯ, ನೀನೂ ಒಂದ್ಸಲ ಊದೇ" ಎಂದರು ಅವರು.

ಉಸಿರು ಕಡಿಮೆ ಬಂದವರನ್ನು ಅಧ್ಯಯನದವರೇ ಹಾಸನದ ತಜ್ಞರ ಬಳಿ ಕಳಿಸುತ್ತಾರೆ. ನನಗೂ ಅದೇ ಆಸೆ. ಊದಿದೆ. ಬೆಂಗಳೂರಿನಿಂದ ಬಂದ ನಮ್ಮ ಡಾಕ್ಟರು ನನ್ನ ಮುಖ ನೋಡಿ 'ಆಫ್ರಿಕನ್' ಒತ್ತಿದರು. ಸರಿಯಾಗಿದೆ ಎಂದು ಬಂತು. ನಾನು ಕೈ ಚಾಚಿ 'ಇತರೆ' ಒತ್ತಿದೆ. ಕಡಿಮೆ ಎಂದಿತು.

"ಊದಿದ್ದು ಒಂದೇ ಉಸಿರು, ಸರ್."

"ನಿಮ್ಮ ಜನಕ್ಕೆ ನಾರ್ಮಲ್ಲೇ ಇಷ್ಟು ಕಣಮ್ಮ. ಸೈನ್ಸ್ ಹಾಗೇ ಹೇಳುತ್ತೆ."

"ಯಲ್ಲಾಪುರಕ್ಕೆ ಬಂದು ಅಳೆದವರು ಯಾರು ಸರ್?"

ಅವರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮತ್ತೆ 'ಆಫ್ರಿಕನ್' ಒತ್ತಿ ಉಳಿಸಿದರು. ಗೌರಮ್ಮ ಜನಾಂಗ ಕೇಳಿ ಹಿತ್ತಲಿಗೆ ಹಾಕಿದ್ದರು. ಇವರು ಕೇಳಲೂ ಇಲ್ಲ.

ರತ್ನಮ್ಮ ಹೆಚ್ಚುಕಡಿಮೆ ನನ್ನಷ್ಟೇ ಊದಿದ್ದಳು. ಎತ್ತರ, ವಯಸ್ಸು ಎರಡರಲ್ಲೂ ನನ್ನ ಜೋಡಿ. ಅವಳಿಗೆ ಒತ್ತಿದ್ದು 'ಇತರೆ', ಪರದೆ ಕಡಿಮೆ ಎಂದಿತು. ಹಾಸನದ ಬಸ್ಸಿಗೆ ಹತ್ತಿಸಲು ನಾನೇ ಹೋದೆ.

"ನೀ ಬರಲ್ವೇನಕ್ಕ? ನಂಗಿಂತ ಜಾಸ್ತಿ ಕೆಮ್ತೀಯ."

"ನನ್ ಉಸ್ರು ಸರಿಯಾಗೈತಂತೆ ಕಣೇ" ಎಂದೆ. ಇಲ್ಲಿಯ ಮಾತು ನನಗರಿವಿಲ್ಲದೆ ಬಾಯಿಗೆ ಬಂದಿತ್ತು. ಇದನ್ನು ಕೇಳಿದ್ದರೆ ಊರಲ್ಲಿ ನಮ್ಮವರೆಲ್ಲ ನಗುತ್ತಿದ್ದರು.

ಬಸ್ಸು ಹೊರಟಿತು. ಹುಟ್ಟಿದಾಗಿನಿಂದ ಎಲ್ಲರಿಗೂ ಇತರೆಯಾಗಿಯೇ ಬದುಕಿದವಳು ನಾನು. ಒಂದಿಡೀ ಊರೇ ಇತರೆಯಾಗಿರುವಾಗ, ಅದರೊಳಗೂ ನನಗೆ ಜಾಗವಿರಲಿಲ್ಲ.