ಬಲೆಯಕ್ಕನ ಹಲಗೆಯ ಹಿಂಬದಿ

"ಇವತ್ತೂ ಕಪ್ಪು ಗೆರೆ ಹತ್ರ ನಿಂತುಬಿಡ್ತಾರೆ, ನೋಡ್ತಿರಿ. ನಮ್ಮ ಅತ್ತಿಗೆ ವಿಷಯ ನನಗೆ ಗೊತ್ತಿಲ್ವಾ?"

ಟಿಕೆಟ್ ಕಿಟಕಿಯ ಹಿಂದಿನಿಂದ ಬಂದ ಮಾತು ಇದು. ಹೇಳುತ್ತಿರುವವರು ಬಲೆಯಕ್ಕನ ನಾದಿನಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟಿಕೆಟ್ ಕೊಳ್ಳಲು ನರಪಿಳ್ಳೆಯೂ ಬಂದಿಲ್ಲ, ಇವತ್ತು ಬರುವುದೂ ಇಲ್ಲ. ಆದರೂ ಕಿಟಕಿ ತೆರೆದು, ಕುರ್ಚಿಗೊಂದು ದಿಂಬು ಹಾಕಿಕೊಂಡು, ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾ ಕುಳಿತಿದ್ದಾರೆ. "ಅವರನ್ನ ನೋಡೋಕೆ ಅಂತ ಬಂದಿಲ್ಲಪ್ಪ ನಾನು. ಎದ್ದು ಬಂದು ಅಭ್ಯಾಸ, ಅಷ್ಟೇ," ಎಂದು ನಾನು ಕೇಳದೆಯೇ ಹೇಳುತ್ತಾರೆ.

ಕಿಟಕಿಯಿಂದಾಚೆ ಸಾರ್ವಜನಿಕ ಈಜುಕೊಳ ಬೂದುಬಣ್ಣದಲ್ಲಿ ಮಲಗಿದೆ. ಅದರ ಅಂಚಿನಲ್ಲಿ, ಉದ್ದ ಕೋಲಿನ ತುದಿಗೆ ಕಟ್ಟಿದ ಚಪ್ಪಟೆ ಬಲೆ ಹಿಡಿದು, ನಡುವಯಸ್ಸು ದಾಟಿದ ಒಬ್ಬ ಹೆಂಗಸು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಈಜಲು ಬರುವವರಿಗೆಲ್ಲ ಅವರು ಬಲೆಯಕ್ಕ. ರಾತ್ರಿ ಬಿದ್ದ ಎಲೆ, ಹುಳು, ಯಾರದೋ ಕೂದಲಿನ ರಬ್ಬರು, ಒಂದೊಂದನ್ನೂ ನೀರಿಗೆ ನೋವಾಗದಂತೆ ಎತ್ತಿ ಬಕೆಟ್ಟಿಗೆ ಹಾಕುತ್ತಾರೆ.

"ಎಳೆದ್ರೆ ಎಲೆ ತಪ್ಪಿಸ್ಕೊಂಡು ಹೋಗುತ್ತೆ. ತಳ್ಳಬೇಕು," ಎಂದು ನಡೆಯುತ್ತಲೇ ನನಗೆ ಪಾಠ ಹೇಳುತ್ತಾರೆ. "ಬಲೆನ ಅದರ ಕೆಳಗೆ ತಗೊಂಡು ಹೋಗಿ ಸುಮ್ನೆ ಎತ್ತಬೇಕು. ನಿದ್ದೆ ಮಾಡ್ತಿರೋ ಮಗು ಎತ್ಕೊಂಡ ಹಾಗೆ."

ತಮಾಷೆ ಏನೆಂದರೆ, ಈ ನೀರನ್ನು ಇವತ್ತು ಮಧ್ಯಾಹ್ನ ಮೋರಿಗೆ ಬಿಡುತ್ತಾರೆ. ನಾಳೆಯಿಂದ ಕೊಳಕ್ಕೆ ಬೀಗ. ಆಳದ ಭಾಗಕ್ಕೆ ಮಣ್ಣು ತುಂಬಿ, ಮೇಲೆ ಕಾಂಕ್ರೀಟು ಹಾಕಿ, ಮಕ್ಕಳಿಗೆ ಅಪಾಯವಾಗದಂತೆ ಇಡೀ ಕೊಳವನ್ನು ಎದೆಮಟ್ಟಕ್ಕೆ ತರುವ ಕೆಲಸ ಶುರುವಾಗುತ್ತದೆ. ಮತ್ತೆ ತೆರೆದಾಗ ಇಲ್ಲಿ ಆಳ ಅನ್ನುವುದೇ ಇರುವುದಿಲ್ಲ. ಹಾಗಿದ್ದ ಮೇಲೆ ಚೆಲ್ಲುವ ನೀರನ್ನು ಯಾಕಕ್ಕ ಶುಚಿ ಮಾಡುತ್ತೀರಿ ಎಂದು ಕೇಳಿದರೆ ಬಲೆಯಕ್ಕ ನಿಂತು ನನ್ನ ಮುಖ ನೋಡುತ್ತಾರೆ.

"ಹೋಗೋ ನೀರಾದ್ರೇನು? ಕೊಳಕು ಮಾಡಿ ಕಳಿಸೋಕಾಗುತ್ತಾ?"

ಪಂಪಿನ ಕೋಣೆಯ ಬಾಗಿಲ ಪಕ್ಕ ಒಂದು ಹಲಗೆ ತೂಗುತ್ತದೆ. 'ಇಲ್ಲಿ ಓಡಬಾರದು' ಎಂದು ಕೆಂಪಕ್ಷರದಲ್ಲಿ ಬರೆದಿರುವ ಅದನ್ನು ಈ ಕೊಳಕ್ಕೆ ಬಂದವರೆಲ್ಲ ಓದಿದ್ದಾರೆ, ಓದಿಯೂ ಓಡಿದ್ದಾರೆ. ಆದರೆ ಬಲೆಯಕ್ಕನ ಜೊತೆ ಬೆಳಗಿನ ಚಹಾ ಕುಡಿಯುವವರಿಗೆ ಮಾತ್ರ ಅದರ ಬೆನ್ನು ಗೊತ್ತು. ತಿರುಗಿಸಿದರೆ, ಕೊಳದ ಗೆರೆಗಳಿಗೆ ಬಳಿಯುವ ಅದೇ ನೀಲಿ ಪೇಂಟಿನಲ್ಲಿ, ದಪ್ಪ ಕುಂಚದ ಸೊಟ್ಟ ಅಕ್ಷರದಲ್ಲಿ ಒಂಬತ್ತು ಸಾಲು. ಬದುಕಿರುವಾಗ ಮಾಡಿಯೇ ತೀರಬೇಕು ಎಂದು ಬಲೆಯಕ್ಕ ತಮಗೆ ತಾವೇ ಹಾಕಿಕೊಂಡ ಕೆಲಸಗಳು. ಮುಗಿದ ಸಾಲಿನ ಪಕ್ಕ, ಕೊಳದಿಂದ ಕಿತ್ತುಬಂದ ಟೈಲಿನ ಒಂದು ಚೂರನ್ನು ಬಿಳಿ ಸಿಮೆಂಟಿನಲ್ಲಿ ಅಂಟಿಸಿದ್ದಾರೆ. ಏಳು ಚೂರುಗಳು ಬೆಳಗಿನ ಬೆಳಕಿಗೆ ಮಿನುಗುತ್ತವೆ. ಎರಡು ಸಾಲು ಬೋಳಾಗಿವೆ.

"ಪೇಂಟಲ್ಲಿ ಯಾಕೆ ಬರೆದೆ ಅಂದ್ರೆ, ಪೆನ್ಸಿಲಲ್ಲಿ ಬರೆದ್ರೆ ನಾನು ಅಳಿಸಿಬಿಡ್ತಿದ್ದೆ," ಎಂದು ನಗುತ್ತಾರೆ. "ನನ್ನ ಕೈಗೆ ಒರೆಸೋದು ಚೆನ್ನಾಗಿ ಬರುತ್ತೆ ನೋಡಿ."

ಈ ಸಾಲುಗಳು ಹುಟ್ಟಿದ್ದು ಕೊಳದ ತಳದಲ್ಲಿ. ವರ್ಷಕ್ಕೊಮ್ಮೆ ನೀರು ಖಾಲಿ ಮಾಡಿ ತಳ ಉಜ್ಜುವ ಕೆಲಸ ಇರುತ್ತದೆ. ಬ್ರಷ್ಷು ಹಿಡಿದು, ಮೊಣಕಾಲೂರಿ, ಆಳ ಕಡಿಮೆ ಇರುವ ಕಡೆಯಿಂದ ಆಳದ ಕಡೆಗೆ ಇಳಿಯುತ್ತಾ ಹೋಗಬೇಕು. ಕೊಳದ ನಡುವೆ ಅಡ್ಡಕ್ಕೆ ಒಂದು ಸಾಲು ಕಪ್ಪು ಟೈಲು ಇದೆ, ಅದೇ ನಾದಿನಿ ಹೇಳಿದ ಕಪ್ಪು ಗೆರೆ. ಅಲ್ಲಿಯವರೆಗೆ ಕಾಲಿಗೆ ನೆಲ ಸಿಗುತ್ತದೆ, ಅಲ್ಲಿಂದಾಚೆ ಇಳಿಜಾರು. ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದ ಮೇಲೆ, ಒಂದು ಮಧ್ಯಾಹ್ನ ಆಳದ ಮೂಲೆಯಲ್ಲಿ ಉಜ್ಜುತ್ತಿದ್ದ ಬಲೆಯಕ್ಕ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ತಲೆ ಎತ್ತಿದರಂತೆ.

"ಈಜೋರು ಹತ್ತಿ ಬರೋ ಏಣಿ ನನ್ನ ತಲೆಗಿಂತ ಎಷ್ಟೋ ಮೇಲೇ ಮುಗಿದುಹೋಗಿತ್ತು. ಅಯ್ಯೋ ದೇವರೇ, ಜನ ಎಲ್ಲಾ ಅಲ್ಲಿ ಮೇಲೆ ತೇಲ್ತಾರಲ್ವಾ, ನಾನು ಇಷ್ಟು ವರ್ಷ ಅವರ ಕೆಳಗಡೆನೇ ಇದ್ದೀನಲ್ಲ ಅನ್ನಿಸ್ತು. ಬೇಜಾರಲ್ಲ. ಆಶ್ಚರ್ಯ. ಆವತ್ತು ಡಬ್ಬದಲ್ಲಿ ಸ್ವಲ್ಪ ಪೇಂಟು ಉಳಿದಿತ್ತು. ಮನೆಗೆ ಹೋಗೋ ಮುಂಚೆ ಬರೆದೆ."

ಮೊದಲ ಸಾಲು: 'ಇದನ್ನು ಈ ತುದಿಯಿಂದ ಆ ತುದಿಗೆ ಈಜುವುದು.' ಮೊದಲು ಬರೆದ ಅದೇ ಸಾಲು ಇವತ್ತಿಗೂ ಬೋಳು.

ಉಳಿದವುಗಳ ಕತೆ ಕೇಳಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸೈಕಲ್ ಕಲಿತದ್ದು ಮೊಮ್ಮಗಳು ಹುಟ್ಟಿದ ವರ್ಷ. ಮೈಕಿನಲ್ಲಿ ಮಾತಾಡಬೇಕು ಎಂಬ ಆಸೆ ತೀರಿದ್ದು ಈ ಕೊಳದಲ್ಲೇ. 'ಹಸಿರು ಟೋಪಿ ಹಾಕಿರೋ ಪುಟ್ಟಿ, ನಿನ್ನ ಒಂದು ಚಪ್ಪಲಿ ಇಲ್ಲಿದೆ' ಎಂದಷ್ಟೇ ಹೇಳಿದರೂ ಎದೆ ಡವಗುಟ್ಟಿ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಸಮುದ್ರ ನೋಡಲು ಹೋದಾಗ ಗಂಡ ಪಕ್ಕದಲ್ಲಿ ನಿಂತು ಹೇಗಿದೆ ಎಂದು ಕೇಳಿದ್ದಕ್ಕೆ, "ಇದನ್ನ ಯಾರು ರೀ ಕ್ಲೀನ್ ಮಾಡೋದು?" ಎಂದು ಕೇಳಿದ್ದನ್ನು ಮನೆಯವರು ಇನ್ನೂ ಆಡಿಕೊಂಡು ನಗುತ್ತಾರೆ.

ಅತ್ತೆಯ ಎದುರು ಒಮ್ಮೆಯಾದರೂ 'ಆಗಲ್ಲ' ಅನ್ನಬೇಕು ಎನ್ನುವುದೂ ಹಲಗೆಯಲ್ಲಿತ್ತು. ಅದಕ್ಕೆ ಧೈರ್ಯ ಒಟ್ಟುಗೂಡಿಸಲು ಎಷ್ಟೋ ವರ್ಷ ಹಿಡಿಯಿತು. "ಒಂದಿನ ಹೇಳೇಬಿಟ್ಟೆ. ಅತ್ತೆ ನನ್ನ ನೋಡಿದ್ರು. 'ಸರಿ ಬಿಡು' ಅಂದ್ರು. ಅಷ್ಟೇ! ಒಳಗೆ ಹೋಗಿ ಕೂತು ಅತ್ತುಬಿಟ್ಟೆ. ಇಷ್ಟೇ ಆಗಿದ್ರೆ ಮದುವೆಯಾದ ವರ್ಷವೇ ಹೇಳಬಹುದಿತ್ತಲ್ಲ!"

ಬೋಳಾಗಿರುವ ಇನ್ನೊಂದು ಸಾಲು: 'ಒಂದು ದಿನ ಏನನ್ನೂ ತೊಳೆಯದೆ ಇರುವುದು.' ಅದರ ಸುದ್ದಿ ಎತ್ತಿದರೆ ಕಿಟಕಿಯಿಂದಲೇ ನಾದಿನಿಯ ಉತ್ತರ ಬರುತ್ತದೆ. "ಅದಾಗಲ್ಲ ಬಿಡಿ! ಹೋದ ವರ್ಷ ಪ್ರಯತ್ನಪಟ್ರು. ಮಧ್ಯಾಹ್ನದ ಹೊತ್ತಿಗೆ ನಮ್ಮಣ್ಣ ಕುಡಿದಿಟ್ಟ ಲೋಟ ಕೈಲಿತ್ತು. ಬೇರೆಯವರು ತೊಳೆದ್ರೆ ಇವರಿಗೆ ಸಮಾಧಾನ ಇಲ್ಲ."

"ನೀನು ತೊಳೆದ ಲೋಟದಲ್ಲಿ ನಿನ್ನೆ ಚಹಾ ಇವತ್ತೂ ಇರುತ್ತಲ್ಲೇ!" ಎಂದು ಬಲೆಯಕ್ಕನೂ ಬಿಡುವುದಿಲ್ಲ.

ಮೊದಲ ಸಾಲಿಗಾಗಿ ಬಲೆಯಕ್ಕನಿಗೆ ಈಜು ಕಲಿಸುವ ಹೊಣೆ ಹೊತ್ತವರು ಸೀಟಿ ಮೇಷ್ಟ್ರು. ಕೊರಳಲ್ಲಿ ಸದಾ ಸೀಟಿ ತೂಗಿಸಿಕೊಂಡು ಊರಿನ ಅರ್ಧ ಮಕ್ಕಳಿಗೆ ಈಜು ಹೇಳಿಕೊಟ್ಟವರು. ಈಜಿನ ಉಡುಪು ಹೊಲಿದುಕೊಟ್ಟದ್ದು ಬಲೆಯಕ್ಕನ ಯಜಮಾನರು. ಶಾಲೆ ಮಕ್ಕಳ ಚೀಲ ಹೊಲಿಯುವ ದರ್ಜಿ ಅವರು. ಗಟ್ಟಿಯಾಗಿರಲಿ ಎಂದು ಮೊದಲ ಉಡುಪನ್ನು ಚೀಲದ ಬಟ್ಟೆಯಲ್ಲೇ ಹೊಲಿದುಬಿಟ್ಟರು. ನೀರಿಗಿಳಿದ ತಕ್ಷಣ ಅದರೊಳಗೆ ಗಾಳಿ ತುಂಬಿ ಬಲೆಯಕ್ಕ ಬಲೂನಿನಂತೆ ಊದಿಕೊಂಡರು. "ಜೇಬು ಬೇರೆ ಇಟ್ಟಿದ್ರು ಕಣ್ರೀ, ಜಿಪ್ಪು ಸಮೇತ!" ಎಂದು ಮೇಷ್ಟ್ರು ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ಆದರೆ ಎರಡನೆಯ ದಿನ ನಡೆದದ್ದನ್ನು ಹೇಳುವಾಗ ಮೇಷ್ಟ್ರ ನಗು ನಿಲ್ಲುತ್ತದೆ. ಸರಿಯಾದ ಉಡುಪು ಬಂದಿತ್ತು. ಆಳ ಕಡಿಮೆ ಇರುವ ಕಡೆ ಎದೆಮಟ್ಟದ ನೀರಲ್ಲಿ ಬಲೆಯಕ್ಕ ಮಾತಾಡುತ್ತಾ ನಡೆಯುತ್ತಿದ್ದರು. ಮಾತಾಡುತ್ತಲೇ ಕಪ್ಪು ಗೆರೆ ದಾಟಿ, ಇಳಿಜಾರಿನಲ್ಲಿ ನಡೆದುಕೊಂಡೇ ಹೋಗಿಬಿಟ್ಟರು. ನೀರಿಗೆ ಹೆದರುವವರು ಅಲ್ಲಿಗೆ ಹೋಗುವುದಿಲ್ಲ, ಈಜುವವರು ಅಲ್ಲಿ ನಡೆಯುವುದಿಲ್ಲ. ಈ ತಪ್ಪು ಮಾಡಲು ವರ್ಷಗಟ್ಟಲೆ ಆ ತಳವನ್ನು ಒಣನೆಲದಂತೆ ಉಜ್ಜಿದವರೇ ಆಗಬೇಕು. ಅವರ ಕಾಲಿಗೆ ಅದು ಮನೆಯ ಹಜಾರ. ತಲೆ ಮುಳುಗಿದ್ದು ಕಾಲಿಗೆ ತಿಳಿಯಲೇ ಇಲ್ಲ.

"ನಾನು ಧುಮುಕಿ ಕಣ್ಣು ಬಿಟ್ಟು ನೋಡ್ತೀನಿ, ಅಕ್ಕ ತಳದಲ್ಲಿ ಬಗ್ಗಿದ್ದಾರೆ," ಎನ್ನುತ್ತಾರೆ ಮೇಷ್ಟ್ರು. "ಮೇಲಕ್ಕೆ ಎಳ್ಕೊಂಡು ಬಂದೆ. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿದೆ. ಮುಷ್ಟಿ ಬಿಚ್ಚಿದ್ರೆ ಒಂದು ಹೇರ್‌ಪಿನ್ನು!"

"ಕಣ್ಣಿಗೆ ಕಸ ಬಿದ್ರೆ ಬಿಟ್ಟುಬರ್ಲಾ?" ಎಂದು ಬಲೆಯಕ್ಕ ಈಗಲೂ ಕೇಳುತ್ತಾರೆ.

ಇದನ್ನು ಕೇಳಿ ನಗಬೇಕೋ ಕೈ ಮುಗಿಯಬೇಕೋ ನನಗೆ ತೋಚುವುದಿಲ್ಲ. ಅಂದಿನಿಂದ ಬಲೆಯಕ್ಕನಿಗೆ ಅದೊಂದೇ ತೊಡಕು. ಕೈಕಾಲು ಬಡಿಯುವುದು ಬಂತು, ಉಸಿರು ಹಿಡಿಯುವುದು ಬಂತು, ಅಂಗಾತ ತೇಲುವುದೂ ಬಂತು. ಆದರೆ ಕಪ್ಪು ಗೆರೆಯ ಹತ್ತಿರ ಬಂದೊಡನೆ ಕಣ್ಣು ತಳಕ್ಕೆ ಹೋಗುತ್ತದೆ. ಒಂದು ಸಡಿಲ ಟೈಲು, ಒಂದು ಪಾಚಿಯ ಕಲೆ. ಅದು ಕಂಡ ಕೂಡಲೇ ಕಾಲು ಊರುತ್ತದೆ. ಅಂಗಾತ ಹೋಗಿ ಎಂದು ಮೇಷ್ಟ್ರು ಎಷ್ಟು ಹೇಳಿದರೂ ಒಪ್ಪಿಲ್ಲ. "ಎಲ್ಲಿಗೆ ಹೋಗ್ತಿದ್ದೀನಿ ಅಂತ ಕಾಣ್ದೆ ಹೇಗೆ ಹೋಗ್ಲಿ?"

ಇವತ್ತು ಕೊನೆಯ ಬೆಳಗು. ಮಧ್ಯಾಹ್ನದ ಮೇಲೆ ದಾಟಲು ನೀರೂ ಇಲ್ಲ, ಆಳವೂ ಇಲ್ಲ.

ಬಲೆಯನ್ನು ಗೋಡೆಗೆ ಒರಗಿಸಿ, ಉಡುಪು ಬದಲಿಸಿ ಬಲೆಯಕ್ಕ ಆಳ ಕಡಿಮೆ ಇರುವ ಕಡೆಯ ಮೆಟ್ಟಿಲಿಳಿಯುತ್ತಾರೆ. ಯಜಮಾನರು ಟವೆಲ್ಲು ಹಿಡಿದು ಬಂದಿದ್ದಾರೆ, ಆದರೆ ಕೊಳಕ್ಕೆ ಬೆನ್ನು ಮಾಡಿ ಗೋಡೆ ನೋಡುತ್ತಾ ನಿಂತಿದ್ದಾರೆ. ನೀರೆಂದರೆ ಅವರಿಗೆ ಭಯ. ಮೇಷ್ಟ್ರು ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಅಂಚಿನಲ್ಲಿ ಜೊತೆಗೇ ನಡೆಯುತ್ತಾರೆ. ನಾದಿನಿ ಕಿಟಕಿ ಬಿಟ್ಟು ಯಾವಾಗ ಹೊರಗೆ ಬಂದರೋ ಗೊತ್ತಿಲ್ಲ.

"ಎಲ್ಲಿದ್ದಾಳೆ?" ಎಂದು ಯಜಮಾನರು ಗೋಡೆಯನ್ನು ಕೇಳುತ್ತಾರೆ.

"ಹೊರಟ್ರಣ್ಣ. ಕೈ ಬೀಸ್ತಿದ್ದಾರೆ. ನೀರೆಲ್ಲ ಹೊರಗೆ ಚೆಲ್ತಿದ್ದಾರೆ."

ಕೊಳದ ನಡುವೆ ಬಲೆಯಕ್ಕ ನಿಲ್ಲುತ್ತಾರೆ. ಗಲ್ಲದವರೆಗೆ ನೀರು, ತುದಿಗಾಲು ಕಪ್ಪು ಗೆರೆಯ ಮೇಲೆ, ಕಣ್ಣು ಕೆಳಗೆ.

"ನಾನು ಹೇಳ್ಲಿಲ್ವಾ?" ಎನ್ನುವ ನಾದಿನಿಯ ದನಿಯಲ್ಲಿ ಈಗ ಗೆಲುವಿಲ್ಲ.

"ಮೇಷ್ಟ್ರೇ, ತಳದಲ್ಲಿ ಒಂದು ಎಲೆ ಇದೆ!"

"ಇರ್ಲಿ ಬಿಡಿ ಅಕ್ಕಾ!"

"ನೆನೆದು ಕೂತುಬಿಟ್ಟಿದೆ. ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ!"

"ಅಕ್ಕಾ, ಎಲೆ ಎಲ್ಲಿಗೂ ಹೋಗಲ್ಲ. ನೀರು ಹೋಗುತ್ತೆ!"

ಬಲೆಯಕ್ಕ ಎಲೆಯನ್ನು ನೋಡುತ್ತಾರೆ. ಆಚೆ ತುದಿಯನ್ನು ನೋಡುತ್ತಾರೆ. ಆಮೇಲೆ, ಬರಿದಾದ ಕೊಳದ ಮೂಲೆಯಿಂದ ಆವತ್ತು ನೋಡಿದಂತೆಯೇ, ಕತ್ತೆತ್ತಿ ಮೇಲೆ ನೋಡುತ್ತಾರೆ. ಅಲ್ಲಿ ಆಗಷ್ಟೇ ಬಣ್ಣ ಬರುತ್ತಿರುವ ಆಕಾಶ. ತಲೆ ಹಿಂದಕ್ಕೆ ಚೆಲ್ಲಿ, ಕಾಲ್ಬೆರಳಿಂದ ಕಪ್ಪು ಗೆರೆಯನ್ನು ಒದ್ದು, ಬಲೆಯಕ್ಕ ನೀರಿನ ಮೇಲೆ ಮೈ ಚಾಚಿಬಿಡುತ್ತಾರೆ.

"ಯಾಕೆ ಎಲ್ಲರೂ ಸುಮ್ಮನಾದ್ರಿ? ಮುಳುಗಿದ್ಲಾ?"

"ಅಯ್ಯೋ, ಸುಮ್ನಿರಣ್ಣ. ಮಲಗಿದ್ದಾರೆ."

"ಮಲಗಿದ್ದಾಳಾ!"

"ನೀರಿನ ಮೇಲೆ ಅಣ್ಣ. ತಿರುಗಿ ನೋಡೋ, ನಿನ್ನ ಕಣ್ಣು ಯಾತಕ್ಕಿದೆ!"

ಯಜಮಾನರು ತಿರುಗುತ್ತಾರೆ. ಅವರು ನೋಡುವುದನ್ನು ನಾವೆಲ್ಲ ನೋಡುತ್ತೇವೆ. ಅಷ್ಟು ವರ್ಷ ಮೊಣಕಾಲೂರಿ ಉಜ್ಜಿದ ಅದೇ ಇಳಿಜಾರಿನ ಮೇಲೆ, ಕೆಳಗೇನಿದೆ ಎಂದು ಒಮ್ಮೆಯೂ ನೋಡದೆ, ಒಬ್ಬ ಹೆಂಗಸು ಹೋಗುತ್ತಿದ್ದಾಳೆ. ಕೈಗಳು ಒಂದರ ಹಿಂದೊಂದು ನಿಧಾನಕ್ಕೆ ಎದ್ದು ಬೀಳುತ್ತವೆ. ಬೇಗ ಮುಟ್ಟುವ ಆತುರ ಕಾಣುವುದಿಲ್ಲ. ಏಣಿ ಪಕ್ಕದಲ್ಲಿ ಹಾದುಹೋಗುತ್ತದೆ. ಮೇಷ್ಟ್ರು 'ಗೋಡೆ, ಗೋಡೆ' ಎನ್ನಲು ಬಾಯಿ ತೆರೆಯುತ್ತಾರೆ, ಸೀಟಿ ಅಡ್ಡ ಬರುತ್ತದೆ. ಬಲೆಯಕ್ಕನ ತಲೆ ಆಚೆ ತುದಿಯ ಗೋಡೆಗೆ ಢಬ್ ಎಂದು ಬಡಿಯುತ್ತದೆ.

"ಮೇಷ್ಟ್ರೇ, ಗೋಡೆ ಬಂತಾ?"

"ಬಂತಕ್ಕಾ."

"ಬಂದೇ ಬಂತು ಬಿಡಿ," ಎಂದು ತಲೆ ಉಜ್ಜಿಕೊಳ್ಳುತ್ತಾರೆ.

ಏಣಿ ಹತ್ತಿ ಬಂದವರಿಗೆ ಯಜಮಾನರು ಟವೆಲ್ಲು ಹೊದಿಸುತ್ತಾರೆ. "ಹೊಲಿಗೆ ಎಲ್ಲೂ ಬಿಟ್ಟಿಲ್ಲ ಅಲ್ವಾ?" ಎಂದು ಕೇಳುತ್ತಾರೆ. ಬಿಟ್ಟಿಲ್ಲ ಎಂದು ಬಲೆಯಕ್ಕ ತಲೆಯಾಡಿಸುತ್ತಾರೆ. ಇನ್ನೇನು ಬೇಕು ಎಂದು ನಾನು ಕೇಳಿದರೆ ಕೊಳದ ನಡುವಿನ ಕಡೆ ಕೈ ತೋರಿಸುತ್ತಾರೆ.

"ನೀರು ಇಳಿದ ಮೇಲೆ ಆ ಕಪ್ಪು ಗೆರೆಯಿಂದ ಒಂದು ಚೂರು ಸಿಕ್ಕಿದ್ರೆ ಸಾಕು. ಹಲಗೆಗೆ." ಉಸಿರು ಇನ್ನೂ ಹದಕ್ಕೆ ಬಂದಿಲ್ಲ. "ಇಷ್ಟು ವರ್ಷ ಇದನ್ನ ನಾನು ನೋಡ್ಕೊಂಡೆ. ಇವತ್ತು ಅದು ನನ್ನ ಎತ್ಕೊಳ್ತು."

ಮಾತು ಮುಗಿಯುವ ಮೊದಲೇ ಅವರ ಕೈ ಅಭ್ಯಾಸಬಲದಿಂದ ಗೋಡೆಯ ಕಡೆ ಚಾಚುತ್ತದೆ. ಬಲೆ ಅಲ್ಲಿಲ್ಲ. ಅದು ನಾದಿನಿಯ ಕೈಯಲ್ಲಿದೆ.

"ಕೊಡೇ ಇಲ್ಲಿ. ಆ ಎಲೆ..."

"ಕೂತ್ಕೊಳ್ಳಿ ಅತ್ತಿಗೆ."

"ನಿನಗೆ ಬರಲ್ಲ ಕಣೆ. ಎಳೀಬಾರದು, ಕೆಳಗಿಂದ..."

"ತಳ್ಳಬೇಕು. ಗೊತ್ತು. ಇಷ್ಟು ವರ್ಷ ಆ ಕಿಟಕಿಯಿಂದ ನಾನು ಇನ್ಯಾರನ್ನ ನೋಡ್ತಾ ಕೂತಿದ್ದೆ ಅಂದ್ಕೊಂಡ್ರಿ?"

ನಾದಿನಿ ಚಪ್ಪಲಿ ಕಳಚಿ ಅಂಚಿಗೆ ಹೋಗುತ್ತಾರೆ. ಬಗ್ಗಿ ಕೋಲನ್ನು ಪೂರ್ತಿ ನೀರಿಗಿಳಿಸುತ್ತಾರೆ. ಮೊದಲ ಸಲ ಎಲೆ ಜಾರುತ್ತದೆ. ಬಲೆಯಕ್ಕನ ಕೈ ತೊಡೆಯ ಮೇಲಿಂದ ಏಳುತ್ತದೆ, ಮತ್ತೆ ಅಲ್ಲೇ ಕೂರುತ್ತದೆ. ಎರಡನೆಯ ಸಲ ಬಲೆ ಮೆಲ್ಲಗೆ ಎಲೆಯ ಕೆಳಗೆ ಸರಿದು, ನಿದ್ದೆಯಲ್ಲಿರುವ ಮಗುವನ್ನು ಎತ್ತಿಕೊಂಡಂತೆ, ಅದನ್ನು ಮೇಲಕ್ಕೆ ತರುತ್ತದೆ.