ನಮೂನೆಗೆ ಒಂದು ಮಳೆಗಾಲ

ನಮ್ಮ ಗೋಕಾಕದ ಹೊಳೆದಂಡೆಗೆ ಬೆಂಚುಗಳು ಬರಲು ಒಂದೂವರೆ ವರ್ಷ ತಡವಾಯಿತು. ಊರವರು ಬಡಿಗನನ್ನು ಬೈದರು, ಮಳೆಯನ್ನು ಬೈದರು. ಬೈಸಿಕೊಳ್ಳಬೇಕಾದವನು, ಸಮಿತಿಯ ಕಾರಕೂನನಾದ ನಾನು, ಅವರ ನಡುವೆಯೇ ನಿಂತು ಹೌದೆಂದು ತಲೆಯಾಡಿಸುತ್ತಿದ್ದೆ.

ಸಂಜೆ ಗಾಳಿಗೆ ಬರುವವರು ಕೂರಲೆಂದು ಇಪ್ಪತ್ತು ಸಾಗವಾನಿ ಬೆಂಚು ಮಾಡಿಸುವುದೆಂದು ಊರ ಹಿರಿಯರ ಸಮಿತಿ ಗೊತ್ತುಮಾಡಿತ್ತು. ಕೆಲಸ ಘೋಡಗೇರಿಯ ಬಡಿಗ ಮೌಲಾಸಾಬರಿಗೆ. ನನ್ನ ಪಾಲಿಗೆ ಬಂದದ್ದು ಇಷ್ಟೇ: ಯಾವ ಮೆರುಗು ಬಿಸಿಲು ಮಳೆಗೆ ತಾಳುತ್ತದೆಂದು ನಮೂನೆ ತರಿಸಿ ನೋಡಿ ಒಪ್ಪಿಗೆ ಬರೆಯುವುದು. ಮೌಲಾಸಾಬರು ಮುಂದಿನ ಸಂತೆಗೆ ಗೇಣುದ್ದದ ಮೂರು ತುಂಡು ತಂದರು. ಒಂದಕ್ಕೆ ಕಾಯಿಸಿದ ಅಗಸಿ ಎಣ್ಣೆ, ಒಂದಕ್ಕೆ ಅರಗು, ಇನ್ನೊಂದಕ್ಕೆ ಡಾಂಬರು. ಅವನ್ನು ನನ್ನ ಮನೆಯ ಕಟ್ಟೆಯ ಮೇಲೆ ಸಾಲಾಗಿಟ್ಟು, ಚಹಾ ಕುಡಿದು, ಮಗಳ ಬಾಣಂತನದಿಂದ ಹಿಡಿದು ಎತ್ತಿನ ಕಾಲುಬೇನೆಯವರೆಗೆ ಎಲ್ಲ ಹೇಳಿ ಹೋದರು.

ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ಆ ಕಟ್ಟೆಯ ಮೇಲೆ ಅಷ್ಟು ಹೊತ್ತು ಯಾರೂ ಕೂತಿರಲಿಲ್ಲ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರೆ ಶಾಸ್ತ್ರಿಗಳು. ಅದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಗಡುಸಾದ ಹೆಸರೂ ಇದೆ. ನಾನೂ ಆ ನ್ಯಾಯ ಪಾಲಿಸಿದವನೇ. ಮೂಡಲಗಿಗೆ ಹೆಣ್ಣು ನೋಡಲು ಹೋದಾಗ ಅವಳು ಅವಲಕ್ಕಿ ತಟ್ಟೆ ಇಟ್ಟು ಒಳಗೆ ಹೋಗುವಷ್ಟರಲ್ಲಿ ಒಪ್ಪಿಬಿಟ್ಟಿದ್ದೆ. ಆಮೇಲೆ ಒಂದು ದಿನವೂ ಪಶ್ಚಾತ್ತಾಪವಾಗಲಿಲ್ಲ. ಅವಳಿಗೆ ಆಗಿರಬಹುದು, ಕೇಳುವ ಧೈರ್ಯ ನನಗೆ ಬರಲಿಲ್ಲ. ಅಂಥವನು ಬೆಂಚಿನ ವಿಷಯದಲ್ಲಿ ಏಕಾಏಕಿ ಮಹಾ ಪರೀಕ್ಷಕನಾದೆ. ಡಾಂಬರು ಧೋತರಕ್ಕೆ ಅಂಟುತ್ತದೆ ಎಂದೆ. ಅರಗು ನೀರಿಗೆ ಬೆಳ್ಳಗಾಗುತ್ತದೆ ಎಂದೆ. ಅಗಸಿ ಎಣ್ಣೆಯಲ್ಲಿ ಕುಂದು ಸಿಗದೆ, ಒಂದು ಮಳೆಗಾಲ ನೋಡೋಣ ಎಂದೆ. ಮಳೆಗಾಲ ಕಳೆದ ಮೇಲೆ, ಇನ್ನೊಂದು ಕೈ ಹಚ್ಚಿದ್ದು ತನ್ನಿ ಎಂದೆ. ಪ್ರತಿ ಸಂತೆಗೂ ಮೌಲಾಸಾಬರು ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದರು. ಒಪ್ಪಿಗೆ ಬರೆದ ದಿನವೇ ಆ ಚಹಾ ಮುಗಿಯುತ್ತದೆಂದು ನನಗೆ ಗೊತ್ತಿತ್ತು. ಅತ್ತ ಅವರ ಅಂಗಳದಲ್ಲಿ ಕೊಯ್ದಿಟ್ಟ ಹಲಗೆ ಕಾಯುತ್ತಿತ್ತು. ನನ್ನ ಒಂಟಿತನಕ್ಕಾಗಿ ಇನ್ನೊಬ್ಬರ ಕೆಲಸ ನಿಲ್ಲಿಸಿದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಎರಡನೆಯ ಬೇಸಿಗೆಯಲ್ಲಿ ಒಂದು ಸಂತೆಯ ದಿನ ಮೌಲಾಸಾಬರು, ಅಷ್ಟರಲ್ಲಿ ಹನ್ನೊಂದಾಗಿದ್ದ ತುಂಡುಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಮೊದಲು ತಂದ ಅಗಸಿ ಎಣ್ಣೆಯ ತುಂಡಿನ ಮೇಲೆ ಅವರ ಹೆಬ್ಬೆರಳು ನಿಂತಿತು.

"ಕಾರಕೂನರ, ಇದಕ್ಕ ನಾ ಇಷ್ಟ ಮಿಂಚು ಕೊಟ್ಟಿದ್ದಿಲ್ರಿ. ಮಳಿ ಬಿಸಲಾಗ ಇದ್ದದ್ದು ಹಿಂಗ ಆಗೂದಿಲ್ಲ. ಇದು ಕೈ ಆಡಿಸಿದ ಮಿಂಚು."

ನಾನು ಚಹಾದ ಕಡೆ ನೋಡಿದೆ. ದಿನವೂ ಸಂಜೆ ಸುಮ್ಮನೆ ಕೂತಾಗ ಆ ತುಂಡು ನನ್ನ ತೊಡೆಯ ಮೇಲಿರುತ್ತಿತ್ತು, ಕೈ ತಾನಾಗಿ ಅದನ್ನು ಸವರುತ್ತಿತ್ತು. ಬಿಸಿಲಿಗಿಡಬೇಕಾದ ನಮೂನೆಯನ್ನು ತೊಡೆಯ ಮೇಲಿಟ್ಟುಕೊಂಡವನ ಪರೀಕ್ಷೆ ಎಂಥದ್ದೆಂದು ಬಡಿಗನಿಗೆ ಬಿಡಿಸಿ ಹೇಳಬೇಕೇ?

ಅವರು ಕೇಳಲೂ ಇಲ್ಲ. "ಒಪ್ಪಿಗಿ ಬರದಬಿಡ್ರಿ," ಎಂದರು ಮೆಲ್ಲಗೆ. "ಹಲಗಿ ಕಾಯಾಕತ್ತಾವು. ಈ ತುಂಡು ನಾ ಒಯ್ತೇನಿ."

ಬರೆದುಕೊಟ್ಟೆ. ದೀಪಾವಳಿಗೆ ಮುಂಚೆ ಇಪ್ಪತ್ತೂ ಬೆಂಚುಗಳು ಚಕ್ಕಡಿಯಲ್ಲಿ ಬಂದಿಳಿದವು. ಕೊನೆಯ ಬೆಂಚಿನಲ್ಲಿ, ಕೈಯಿಡುವ ಜಾಗಕ್ಕೆ, ನನ್ನ ತುಂಡನ್ನು ಕೀಲು ಕಾಣದಂತೆ ಕೂಡಿಸಿದ್ದರು. ಮುಂದಿನ ಸಂತೆಯ ದಿನ ನಾನು ಆ ಬೆಂಚಿನ ಮೇಲೆಯೇ ಕೂತಿದ್ದೆ, ರೂಢಿಯಂತೆ ಪಕ್ಕದಲ್ಲಿ ಅರ್ಧ ಜಾಗ ಬಿಟ್ಟು. ಎಷ್ಟು ಹುಡುಕಿದರೂ ಬೆಂಚಿನಲ್ಲಿ ಒಂದು ಕುಂದೂ ಸಿಗಲಿಲ್ಲ. ಬಹಳ ಬೇಸರವಾಯಿತು.

ಸ್ವಲ್ಪ ಹೊತ್ತಿಗೆ ಆ ಅರ್ಧ ಜಾಗದಲ್ಲಿ ಮೌಲಾಸಾಬರು ಬಂದು ಕೂತರು. ಚೀಲದಿಂದ ಗೇಣುದ್ದದ ಒಂದು ತುಂಡು ತೆಗೆದರು.

"ಬೇವಿನೆಣ್ಣಿ ಹಚ್ಚಿ ನೋಡೇನ್ರಿ. ಹೆಂಗ ಅನಸ್ತೈತಿ?"

ಮಾಡಿಸಬೇಕಾದ ಬೆಂಚು ಒಂದೂ ಉಳಿದಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ತುಂಡನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ನಾಲ್ಕೂ ಕಡೆ ತಿರುವಿದೆ.

"ಇಷ್ಟರಾಗ ಹೇಳಾಕ ಬರೂದಿಲ್ರಿ," ಎಂದೆ. "ಒಂದು ಮಳಿಗಾಲ ನೋಡಬೇಕು."